ವ್ರೋನಿಯ ಒದ್ದೆ ಸ್ಕೀ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯವರೆಲ್ಲ ಹಾಸಿಗೆ ಸುತ್ತಿಕೊಂಡು ಹೊರಡುತ್ತೇವೆ. ದೂರವೇನಲ್ಲ, ಅಟ್ಟಕ್ಕೆ. ಒಳ್ಳೆಯ ಕೋಣೆಗಳೆಲ್ಲ ಸ್ಕೀ ಆಡಲು ಬರುವ ಬಾಡಿಗೆ ಅತಿಥಿಗಳಿಗೆ, ಮಿಕ್ಕ ಸಂದುಗೊಂದು ನಮಗೆ. ನನ್ನ ತಮ್ಮ ಕಾಸ್ಪರ್ ಮತ್ತು ಅವನ ಹೆಂಡತಿ ರೋಸ್ವಿತಾ ಇಸ್ತ್ರಿ ಕೋಣೆಗೆ ಹೋಗುತ್ತಾರೆ. ಅವರ ಮಕ್ಕಳು ರೂಪರ್ಟ್ ಮತ್ತು ವ್ರೋನಿ ಅಟ್ಟಕ್ಕೆ, ನಾನು ಬಾಯ್ಲರ್ ಪಕ್ಕದ ಗೂಡಿಗೆ. ನಮ್ಮಮ್ಮ ಬುರ್ಗಾ ಮಾತ್ರ ಅಡುಗೆಮನೆಗೆ ಅಂಟಿದ ತನ್ನ ಕೋಣೆ ಬಿಟ್ಟುಕೊಡುವುದಿಲ್ಲ. "ನನ್ನ ಹೆಣ ಹೊರಟ ದಿನ ಅದನ್ನೂ ಬಾಡಿಗೆಗೆ ಕೊಟ್ಕೊಳ್ಳಿ" ಎನ್ನುತ್ತಾಳೆ. ಈಸ್ಟರ್ ಕಳೆದು ಹಿಮ ಕರಗುವ ತನಕ ನಮ್ಮ ಮನೆ ನಮ್ಮದಲ್ಲ. ಆಸ್ಟ್ರಿಯಾದ ಟೈರೋಲಿನ ಈ ಕಣಿವೆಯಲ್ಲಿ ಹೀಗೆ ಬದುಕದ ಮನೆ ಯಾವುದಿದೆ?

ನಾನು ಅಫ್ರಾ. ಕಾಸ್ಪರನಿಗಿಂತ ದೊಡ್ಡವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸವೂ ಇಲ್ಲ. ಕೋಣೆ ಗುಡಿಸುವುದು, ಹಾಸಿಗೆ ಬಟ್ಟೆ ಬದಲಿಸುವುದು, ನೆಲಮಾಳಿಗೆಯ ಸ್ಕೀ ಕೋಣೆ ಒರೆಸುವುದು ನನ್ನ ಪಾಲು. ಅಡುಗೆ ರೋಸ್ವಿತಾಳದ್ದು. ಅಧಿಕಾರ ಅಮ್ಮನದ್ದು.

ಅಮ್ಮನ ಕಾನೂನು ಎರಡು. ಒಂದು, ಅತಿಥಿಗಳ ಊಟ ಮುಗಿಯದೆ ಮನೆಯವರು ಚಮಚ ಎತ್ತುವ ಹಾಗಿಲ್ಲ. ಗಡಿಯಾರ ಏಳು ಹೊಡೆದಾಗ ಸಾರು ಅವರ ಮೇಜಿನ ಮೇಲಿರಬೇಕು. ನಮ್ಮ ಊಟ ಆಮೇಲೆ, ಅಡುಗೆಮನೆಯಲ್ಲಿ, ಬಹಳ ಸಲ ನಿಂತುಕೊಂಡೇ, ಬಾಣಲೆಯಿಂದಲೇ. ಎರಡನೆಯದು ಶನಿವಾರದ್ದು. ಅವತ್ತು ಹಳಬರು ಹೋಗಿ ಹೊಸಬರು ಬರುವ ದಿನ. ಮನೆಯ ಯಜಮಾನ ಬೆಳಗಿನಿಂದ ಬಾಗಿಲಲ್ಲಿ ನಿಂತು ಹೋಗುವವರ ಕೈ ಕುಲುಕಬೇಕು, ಬರುವವರಿಗೆ ಒಂದು ಗುಟುಕು ಹಣ್ಣಿನ ಸಾರಾಯಿ ಕೊಡಬೇಕು. ಅಪ್ಪ ಸಾಯುವವರೆಗೂ ಅದನ್ನು ಮಾಡಿದ. ಅವನು ಹೋದ ಮೇಲೆ ಕಾಸ್ಪರ್ ನಿಂತ.

ಊರ ಬಾಗಿಲಲ್ಲಿ ಸ್ಕೀ ಹಾಕಿಕೊಂಡ ಮರದ ಕರಡಿಮರಿಯೊಂದಿದೆ, ಅದರ ಎದೆಯ ಮೇಲೆ 'ಮಕ್ಕಳ ಊರಿಗೆ ಸ್ವಾಗತ' ಎಂದು ಬರೆದಿದೆ. ಕಾಸ್ಪರ್ ಇಲ್ಲಿನ ಮಕ್ಕಳ ಸ್ಕೀ ಶಾಲೆಯ ಹಿರಿಯ ಮೇಷ್ಟ್ರು. ಜರ್ಮನಿಯ, ಹಾಲೆಂಡಿನ ಅದೆಷ್ಟು ಮಕ್ಕಳು ಅವನ ಕೈ ಹಿಡಿದು ಹಿಮದ ಮೇಲೆ ನಿಲ್ಲುವುದನ್ನು ಕಲಿತವೋ ಲೆಕ್ಕವಿಲ್ಲ. ಬಿದ್ದು ಅಳುವ ಮಗುವನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ನಗಿಸುತ್ತಾನೆ. ಮನೆಗೆ ಬಂದರೆ ಮಾತ್ರ ತುಟಿ ಬಿಚ್ಚುವುದಿಲ್ಲ. ಪಾಪ, ನಾಲಿಗೆ ದಣಿದಿರುತ್ತದೆ.

ವ್ರೋನಿಗೆ ಎಂಟು ವರ್ಷ. ಗಲಾಟೆ ಇಲ್ಲದ ಮಗು. ಕೈವಸ್ತ್ರಗಳನ್ನು ನನಗಿಂತ ಚೆನ್ನಾಗಿ ಮಡಿಸುತ್ತಾಳೆ, ಕಡುಬಿನ ಹಿಟ್ಟು ಮುಟ್ಟಿ ನೋಡಿ ಹಾಲು ಸಾಲದು ಎನ್ನುತ್ತಾಳೆ. ಅವಳ ಮೇಲೆ ನನಗಿದ್ದ ದೂರು ಒಂದೇ. ಸಂಜೆ ಎಲ್ಲರ ಸ್ಕೀಗಳೂ ಒರೆಸಿ ಗೂಡಿನಲ್ಲಿ ನಿಂತಿರುತ್ತಿದ್ದವು. ಅವಳವು ಮಾತ್ರ ತೊಟ್ಟಿಕ್ಕುತ್ತಿದ್ದವು, ಕೆಳಗೆ ಕೆರೆ.

"ಒರೆಸಿ ಇಡೋಕೇನು ರೋಗ ನಿಂಗೆ? ಸ್ಕೀ ಮೇಷ್ಟ್ರ ಮಗಳಂತೆ!" ಎಂದು ಬೈಯುತ್ತಿದ್ದೆ.

"ಮರೆತೋಯ್ತು ಅಫ್ರತ್ತೆ" ಎಂದು ಅವಳು ಓಡುತ್ತಿದ್ದಳು. ನಾನು ಗೊಣಗಿಕೊಂಡು ನೆಲ ಒರೆಸುತ್ತಿದ್ದೆ.

ಆ ವರ್ಷ ಜನವರಿ ಆರರ ಮೂರು ರಾಜರ ಹಬ್ಬ ಕಳೆದ ವಾರ, ಕಾಸ್ಪರ್ ಎಂದಿಲ್ಲದ ಖುಷಿಯಲ್ಲಿ ಮನೆಗೆ ಬಂದ. ಸೀದಾ ಅತಿಥಿಗಳ ಊಟದ ಕೋಣೆಗೆ ಹೋಗಿ, ಮೇಜಿನ ನಡುವೆ ನಿಂತು ಚಪ್ಪಾಳೆ ತಟ್ಟಿದ.

"ಕಾರ್ನಿವಲ್ ವಾರ ನಮ್ಮೂರಲ್ಲಿ ಪಂಜಿನ ಇಳಿತ ಇರತ್ತೆ, ನಿಮಗೆಲ್ಲ ಗೊತ್ತು. ಮೇಷ್ಟ್ರುಗಳ ಮುಂದೆ ಊರಿನ ಮಕ್ಕಳು ಪಂಜು ಹಿಡಿದು ಸ್ಕೀ ಮೇಲೆ ಬೆಟ್ಟ ಇಳೀತಾರೆ. ಈ ಸಲ ಮೊದಲನೇ ಪಂಜು ಯಾರ ಕೈಯಲ್ಲಿ? ನಮ್ಮ ವ್ರೋನಿ ಕೈಯಲ್ಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವ್ರೋನಿ ಬ್ರೆಡ್ಡಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು. ನಾಚಿಕೆ ಎಂದುಕೊಂಡೆವು. ಮರುದಿನವೇ ಬೇಕರಿಯ ಗಾಜಿಗೆ ಭಿತ್ತಿಪತ್ರ ಬಿತ್ತು, ಅದರಲ್ಲಿ ಅವಳ ಹೆಸರು ದಪ್ಪ ಅಕ್ಷರದಲ್ಲಿತ್ತು.

ಅವತ್ತಿನಿಂದ ಮಗು ಊಟ ಬಿಟ್ಟಿತು. ಹುರಿದ ಈರುಳ್ಳಿ ಹಾಕಿದ ಗಿಣ್ಣಿನ ಕಡುಬೆಂದರೆ ಪ್ರಾಣ ಬಿಡುವವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಏನಾಯ್ತೇ?" ಎಂದಳು ರೋಸ್ವಿತಾ.

"ಹೊಟ್ಟೆ ನೋವು."

"ಹೊಟ್ಟೆ ನೋವಿಗೆ ಸೋಂಪಿನ ಕಷಾಯ. ಕುಡಿದು ಮಲಗ್ಲಿ" ಎಂದಳು ಅಮ್ಮ. ಅಮ್ಮನ ಹತ್ತಿರ ಎಲ್ಲ ನೋವಿಗೂ ಅದೇ ಕಷಾಯ.

ರೂಪರ್ಟ್‌ಗೆ ಹದಿನೈದು, ಪಾತ್ರೆ ತೊಳೆಯುವ ಕೆಲಸ ಅವನದ್ದು, ಸಿಂಕಿನ ಮುಂದೆ ನಿಂತರೆ ನಾಲಿಗೆ ಸುಮ್ಮನಿರುವುದಿಲ್ಲ. "ಮೊದಲನೇ ಪಂಜು ಅಂದ್ರೆ ಸುಮ್ನೇನಾ? ದೊರೆಸಾನಿ ಈಗ ನಮ್ಮ ಜೊತೆ ಕಡುಬು ತಿಂತಾರಾ?" ಎಂದ. ವ್ರೋನಿ ಅಣ್ಣನ ಕಡೆ ನೋಡಲೂ ಇಲ್ಲ, ಅಟ್ಟ ಹತ್ತಿ ಹೋದಳು.

ವಾರ ಕಳೆಯಿತು. ಒಂದು ಸಂಜೆ ಅತಿಥಿಗಳ ಊಟ ಮುಗಿದು ನಾವು ಅಡುಗೆಮನೆಯಲ್ಲಿ ಉಳಿದ ಆಲೂಗಡ್ಡೆ ಹುರಿದು ತಿನ್ನುತ್ತಿದ್ದೆವು. ಕಾಸ್ಪರ್ ಕೆಳಗೆ ಸ್ಕೀಗಳಿಗೆ ಮೇಣ ಹಚ್ಚುತ್ತಿದ್ದ. ಪಂಜಿನ ಇಳಿತಕ್ಕೆ ಮಗಳ ಸ್ಕೀ ತಾನೇ ಸಿದ್ಧ ಮಾಡುತ್ತೇನೆಂದು ಹೋಗಿದ್ದವನು, ಒಂದು ಸ್ಕೀಯನ್ನು ಕಂಕುಳಲ್ಲಿ ಹಿಡಿದು ಮೇಲೆ ಬಂದ. ಅದನ್ನು ಮೇಜಿನ ಮೇಲೆ, ಆಲೂಗಡ್ಡೆಯ ಬಾಣಲೆಯ ಪಕ್ಕದಲ್ಲೇ ಬೋರಲು ಮಲಗಿಸಿದ.

"ಊಟದ ಮೇಜಿನ ಮೇಲೆ ಸ್ಕೀ ಇಡ್ತೀಯೇನೋ!" ಎಂದಳು ಅಮ್ಮ.

"ಅಮ್ಮ, ಇದರ ಅಂಚು ನೋಡು."

ಸ್ಕೀಯ ಎರಡು ಬದಿಗೂ ಉಕ್ಕಿನ ಅಂಚಿರುತ್ತದೆ. ಹಿಮದ ಮೇಲೆ ಓಡುವ ಸ್ಕೀಯ ಅಂಚು ದಿನಾ ಉಜ್ಜಿದ ಚಾಕುವಿನಂತೆ ಹೊಳೆಯಬೇಕು. ಇದರದ್ದು ಕೆಂಪು ತುಕ್ಕು ಹಿಡಿದಿತ್ತು. ಅಡಿಯಲ್ಲಿ ಒಂದು ಗೀರೂ ಇರಲಿಲ್ಲ. ಒಂದು ವರ್ಷದ ಹಿಂದಿನ ಕ್ರಿಸ್‌ಮಸ್‌ಗೆ ತಂದಾಗ ಅಂಗಡಿಯವನು ಹಚ್ಚಿಕೊಟ್ಟ ಮೇಣ ಹಾಗೇ ಇತ್ತು.

"ಇದರ ಮೇಲೆ ಯಾರೂ ನಿಂತೇ ಇಲ್ಲ" ಎಂದ ಕಾಸ್ಪರ್. "ನೀರಲ್ಲಿ ನೆನೆಸಿದ್ದಾರೆ ಅಷ್ಟೆ."

ರೂಪರ್ಟ್ ನಗಲು ಬಾಯಿ ತೆರೆದವನು ಅಪ್ಪನ ಮುಖ ನೋಡಿ ಮುಚ್ಚಿಕೊಂಡ. ವ್ರೋನಿ ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದೆವು.

"ಹಿತ್ತಲ ತೊಟ್ಟೀಲಿ ಅದ್ದಿ ಇಡ್ತಿದ್ದೆ" ಎಂದಳು ಅವಳು, ಕೇಳಿಸಿಯೂ ಕೇಳಿಸದ ಹಾಗೆ.

"ಯಾಕೆ ಮಗೂ?" ಎಂದಳು ರೋಸ್ವಿತಾ.

"ನಂಗೆ ಬರಲ್ಲ."

"ಏನು ಬರಲ್ಲ?"

"ಸ್ಕೀ. ಬರಲ್ಲ. ಯಾರೂ ಕಲಿಸ್ಲಿಲ್ಲ."

ಹುಡುಗಿ ಅಳುತ್ತಲೇ ಎಲ್ಲ ಹೇಳಿದಳು. ಶಾಲೆಯಿಂದ ಮೊದಲ ಸಲ ಇಳಿಜಾರಿಗೆ ಕರೆದುಕೊಂಡು ಹೋದ ದಿನ, ಟೀಚರು ಮನೆತನದ ಹೆಸರು ಕೇಳಿದವರೇ "ಓ, ಕಾಸ್ಪರ್ ಮಗಳಾ?" ಎಂದು ಎಲ್ಲಕ್ಕಿಂತ ಜೋರಾಗಿ ಇಳಿಯುವ ಮಕ್ಕಳ ಗುಂಪಿಗೆ ಹಾಕಿದ್ದರು. ಮೇಲಿಂದ ಕೆಳಗೆ ನೋಡಿ ಇವಳು ಹಿಂದಕ್ಕೆ ಸರಿದಿದ್ದಾಳೆ. ಹೊಟ್ಟೆ ನೋವು ಎಂದಿದ್ದಾಳೆ. ಆಮೇಲೆ ಪ್ರತಿ ಸಲವೂ ಹೊಟ್ಟೆ ನೋವು. ಇವಳು ಬೆಟ್ಟ ಹತ್ತಿಸುವ ಲಿಫ್ಟಿನ ಬುಡದ ಹೋಟೆಲಿನಲ್ಲಿ ಕುಳಿತು ಅಲ್ಲಿಯಾಕೆಗೆ ಆಲೂಗಡ್ಡೆ ಸುಲಿದು ಕೊಡುತ್ತಿದ್ದಳು. ಕಾಸ್ಪರನೇ ಮಗಳನ್ನು ಅಲ್ಲಿ ಕೂರಲು ಕಳಿಸಿದ್ದಾನೆ ಎಂದು ಆಕೆ ತಿಳಿದಳಂತೆ. ಮನೆಯಲ್ಲಿ ಯಾರಿಗೂ ಅನುಮಾನ ಬಾರದಿರಲೆಂದು ಸ್ಕೀಗಳಿಗೆ ನೀರು.

"ಒಂದು ಮಾತು ಹೇಳೋಕೇನಾಗಿತ್ತು?" ಎಂದ ಕಾಸ್ಪರ್.

"ಎಲ್ಲಾರೂ ನಿನ್ನ ಮಗಳು ಅಂತಾರಲ್ಲ. ನಿಂಗೆ ಅವಮಾನ ಆಗತ್ತೆ ಅಂತ."

ಕಾಸ್ಪರ್ ಕುಳಿತುಬಿಟ್ಟ. ರೋಸ್ವಿತಾ ಸೌಟನ್ನು ಬಾಣಲೆಗೆ ಕುಕ್ಕಿದಳು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನೀನೇ ಕಣೋ. ಊರೂರಿನ ಮಕ್ಕಳಿಗೆಲ್ಲ ಕಲಿಸಿದ್ದೀಯ!"

"ನಾನು ಸ್ಕೂಲಲ್ಲಿ ಕಲಿಸ್ತಾರೆ ಅಂದ್ಕೊಂಡೆ."

"ಸ್ಕೂಲಿನವ್ರು ನೀನು ಕಲಿಸಿದ್ದೀಯ ಅಂದ್ಕೊಂಡ್ರು!"

"ನೀನು ಅವಳ ತಾಯಿ. ನಿಂಗೂ ಗೊತ್ತಾಗ್ಲಿಲ್ವಾ?"

"ಬೆಳಿಗ್ಗೆ ಐದಕ್ಕೆ ಒಲೆ ಮುಂದೆ ನಿಂತೋಳು ನಾನು. ಕಿಟಕೀಲಿ ಹಿಮ ಬಿತ್ತೋ ಮಳೆ ಬಿತ್ತೋ ನೋಡೋಕೂ ಪುರುಸೊತ್ತಿಲ್ಲ!"

"ಸಾಕು" ಎಂದಳು ಅಮ್ಮ. "ಮನೆ ಮಕ್ಕಳಿಗೆ ಕಲಿಸ್ತಿದ್ದಿದ್ದು ನಿಮ್ಮಪ್ಪ."

ಅದು ನಿಜ. ನನಗೆ, ಕಾಸ್ಪರನಿಗೆ, ರೂಪರ್ಟ್‌ಗೆ, ಎಲ್ಲರಿಗೂ ಮನೆಯ ಹಿಂದಿನ ಇಳಿಜಾರಿನಲ್ಲಿ ಕಲಿಸಿದವನು ಅಪ್ಪ. ವ್ರೋನಿಗೆ ನಾಲ್ಕು ತುಂಬುವ ಚಳಿಗಾಲದಲ್ಲಿ ತೀರಿಕೊಂಡ. ಅವನ ಕೆಲಸಗಳನ್ನೆಲ್ಲ ಹಂಚಿಕೊಂಡೆವು. ಸೌದೆ ಕಾಸ್ಪರನಿಗೆ, ಬಾಯ್ಲರ್ ನನಗೆ, ಹಂದಿಮಾಂಸ ಹೊಗೆಗೆ ಕಟ್ಟುವುದು ರೋಸ್ವಿತಾಳಿಗೆ, ಮೆಟ್ಟಿಲ ಹಿಮ ಗೋರುವುದು ರೂಪರ್ಟ್‌ಗೆ. ಮೊಮ್ಮಗಳಿಗೆ ಸ್ಕೀ ಕಲಿಸುವುದು ಯಾರ ಪಾಲಿಗೂ ಬರಲಿಲ್ಲ. ಅದೊಂದು ಕೆಲಸ ಎಂದೇ ಯಾರಿಗೂ ಹೊಳೆದಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ದಿನಾ ಸಂಜೆ ಆ ನೀರು ಒರೆಸಿದವಳು ನಾನು, ನನ್ನ ತಲೆಗೂ ಹತ್ತಿರಲಿಲ್ಲ.

ಮರುದಿನ ಕಾಸ್ಪರ್ ಸ್ಕೀ ಶಾಲೆಗೆ ಹೋಗಿ ಮಗಳ ಹೆಸರು ತೆಗೆಸಿದ. ಕಾಲು ನೋವು, ಜ್ವರ ಎಂದೇನಾದರೂ ಹೇಳಬಹುದಿತ್ತು. ಹೇಳಲಿಲ್ಲ. "ನನ್ನ ಮಗಳಿಗೆ ಸ್ಕೀ ಬರಲ್ಲ. ನಾನು ಕಲಿಸಿಲ್ಲ" ಎಂದು ಎಲ್ಲ ಮೇಷ್ಟ್ರುಗಳ ಮುಂದೆ ಹೇಳಿ ಬಂದ. ನನ್ನ ತಮ್ಮನ ಬಗ್ಗೆ ನನಗೆ ಹೆಮ್ಮೆಯಾದದ್ದು ಅವತ್ತು. ಊರೇನು ಸುಮ್ಮನಿರುತ್ತದೆಯೇ? ಬ್ರೆಡ್ಡು ತರಲು ಹೋದರೆ ಬೇಕರಿಯ ಎರ್ನಾ ಭಿತ್ತಿಪತ್ರದ ಮೇಲೆ ಚೀಟಿ ಅಂಟಿಸುತ್ತಾ, "ಏನೇ ಅಫ್ರಾ, ಮೇಷ್ಟ್ರ ಮಗಳಿಗೆ ಅಕ್ಷರ ಬರಲ್ವಂತೆ?" ಎಂದಳು.

"ನಿನ್ನ ಗಂಡನಿಗೆ ಬ್ರೆಡ್ಡು ಸುಡದೆ ಬೇಯಿಸೋಕೆ ಬರತ್ತಾ?" ಎಂದೆ. ಅವಳ ನಗು ಅಲ್ಲಿಗೇ ನಿಂತಿತು.

ಕಲಿಸುವುದು ಯಾರು ಎಂಬುದೇ ಮನೆಯಲ್ಲಿ ದೊಡ್ಡ ಪಂಚಾಯ್ತಿ ಆಯಿತು. ಕಾಸ್ಪರ್ ಬೆಳಗಿನಿಂದ ಸಂಜೆಯ ತನಕ ಅತಿಥಿಗಳ ಮಕ್ಕಳ ಜೊತೆ. ಅವನು ಬರುವಷ್ಟರಲ್ಲಿ ಲಿಫ್ಟ್ ನಿಂತಿರುತ್ತದೆ. ರೂಪರ್ಟ್ ಒಂದು ಮಧ್ಯಾಹ್ನ "ನಾನು ಕಲಿಸ್ತೀನಿ ಬಾ" ಎಂದು ಕರೆದೊಯ್ದ. ಒಂದು ತಾಸಿಗೆ ಇಬ್ಬರೂ ವಾಪಸ್ಸು, ಅವಳು ಅಳುತ್ತಾ, ಇವನು ಕೂಗುತ್ತಾ.

"ಮಂಡಿ ಬಗ್ಗಿಸು ಅಂದ್ರೆ ಕೂತ್ಕೋತಾಳೆ!"

"ಅವ್ನು ನನ್ನನ್ನ ಆಕಳು ಅಂದ!"

"ಆಕಳಾದ್ರೂ ನಿನಗಿಂತ ಚೆನ್ನಾಗಿ ಇಳಿಯತ್ತೆ!"

ರೋಸ್ವಿತಾ ಇಬ್ಬರ ಬಾಯಿಗೂ ಒಂದೊಂದು ತುಂಡು ಸೇಬಿನ ಕಡುಬು ತುರುಕಿ ಸುಮ್ಮನಾಗಿಸಿದಳು.

"ಸ್ಕೀ ಶಾಲೆಯ ಕರಡಿಮರಿ ಗುಂಪಿಗೆ ಸೇರ್ಸು, ಎಲ್ಲಾ ಮಕ್ಕಳ ಹಾಗೆ ಕಲೀಲಿ" ಎಂದಳು ಅಮ್ಮ ಕಾಸ್ಪರನಿಗೆ.

"ಅಲ್ಲಿ ನಾಲ್ಕು ವರ್ಷದವ್ರು ಇರ್ತಾರಮ್ಮ. ಜನ ನೋಡಿ ನಗ್ತಾರೆ."

"ನಿನ್ನ ನೋಡಿ ನಗ್ತಾರೋ ಅವಳ್ನ ನೋಡಿ ನಗ್ತಾರೋ?" ಎಂದಳು ರೋಸ್ವಿತಾ. ಕಾಸ್ಪರ್ ಒಲೆಗೆ ಸೌದೆ ತುರುಕಿದ. ಆಮೇಲೆ ಅವಳೇ, "ಶನಿವಾರ" ಎಂದಳು. "ಶನಿವಾರ ಕ್ಲಾಸಿಲ್ಲ. ಅತಿಥಿಗಳೆಲ್ಲ ದಾರೀಲಿರ್ತಾರೆ, ಇಳಿಜಾರು ಖಾಲಿ. ನೀನೇ ಕರ್ಕೊಂಡು ಹೋಗು."

ಅಮ್ಮ ಹೆಣೆಯುತ್ತಿದ್ದ ಕಾಲುಚೀಲವನ್ನು ಮಡಿಲಿಗೆ ಇಳಿಸಿದಳು. "ಬಾಗಿಲಲ್ಲಿ ಯಾರು ನಿಲ್ತಾರೆ?"

"ನಾನು ನಿಲ್ತೀನಿ ಅತ್ತೆ."

"ನಿಮ್ಮ ಕಣಿವೇಲಿ ಹೆಂಗಸ್ರು ನಿಲ್ತಾರೇನೋ. ಈ ಮನೇಲಿ ಯಜಮಾನ ನಿಲ್ಲೋದು. ಯಜಮಾನನ ಕೈ ಕುಲುಕದೆ ಇಲ್ಲಿಂದ ಒಬ್ಬ ಅತಿಥೀನೂ ಹೋಗಿಲ್ಲ. ಅವರು ಮತ್ತೆ ಮತ್ತೆ ಬರೋದು ಯಾಕೆ ಅಂದ್ಕೊಂಡಿದ್ದೀಯ? ನಿನ್ನ ಸಾರಿಗಾ?"

"ನನ್ನ ಸಾರಿಗೇ ಬರೋದು" ಎಂದಳು ರೋಸ್ವಿತಾ. ಮದುವೆಯಾಗಿ ಬಂದ ಹೊಸತರಲ್ಲಿ ಮೂಲೆಯಲ್ಲಿ ಕುಳಿತು ಅಳುತ್ತಿದ್ದವಳು ಇವಳೇ. ಈಗ ಅತ್ತೆಗೆ ಸರಿಯಾಗಿ ತಿರುಗಿಸಿ ಕೊಡುತ್ತಾಳೆ, ನನಗೆ ಒಳಗೊಳಗೇ ಸಂತೋಷ.

ಆ ಶನಿವಾರ ಕಾಸ್ಪರ್ ಮಗಳಿಗೆ ಮಾತು ಕೊಟ್ಟಿದ್ದ. ಹತ್ತು ಗಂಟೆಗೆ ಹೊರಡುವುದೆಂದು ಹೇಳಿದ್ದ. ಆದರೆ ಬಾಗಿಲಲ್ಲಿ ಅಮ್ಮ ಅವನ ಕೈಗೆ ಗ್ಲಾಸುಗಳ ತಟ್ಟೆ ಕೊಟ್ಟು, ಪಕ್ಕದಲ್ಲೇ ನಿಂತಳು. ಒಬ್ಬರು ಹೋದರು, ಇನ್ನೊಬ್ಬರ ಪೆಟ್ಟಿಗೆ ಇಳಿಯಿತು, ಮತ್ತೊಬ್ಬರ ಕಾರಿನ ಚಕ್ರ ಹಿಮದಲ್ಲಿ ಹೂತಿತು, ಅದನ್ನು ತಳ್ಳಬೇಕಾಯಿತು. ನಾನು ಒದ್ದೆ ಟವೆಲುಗಳ ಬುಟ್ಟಿ ಹೊತ್ತು ನೆಲಮಾಳಿಗೆಗೆ ಹೋದಾಗ ವ್ರೋನಿ ಸ್ಕೀ ಕೋಣೆಯ ಬೆಂಚಿನ ಮೇಲೆ ಕುಳಿತಿದ್ದಳು. ಬೂಟಿನ ಕೊಂಡಿಗಳೆಲ್ಲ ಬಿಗಿದಿದ್ದವು, ತಲೆಗೆ ಹೆಲ್ಮೆಟ್, ಕೈಗೆ ಗವಸು.

"ಎಷ್ಟೊತ್ತಿಂದ ಕೂತಿದ್ದೀಯೇ?"

"ಅಪ್ಪ ಈಗ ಬರ್ತಾರೆ ಅತ್ತೆ."

ಮಧ್ಯಾಹ್ನ ಊಟದ ಹೊತ್ತಿಗೂ ಅಲ್ಲೇ ಇದ್ದಳು. ಬೂಟು ಬಿಚ್ಚಲು ಹೇಳಿದರೆ ಬೇಡ ಎಂದಳು. ಮೇಲೆ ಹೋಗಿ ಅಮ್ಮನ ಮುಂದೆ ಬುಟ್ಟಿ ಇಟ್ಟು ಹೇಳಿದೆ:

"ಅಮ್ಮಾ, ಕೆಳಗೆ ನಿನ್ನ ಮೊಮ್ಮಗಳು ಕೂತಿದ್ದಾಳೆ. ಬೆಳಗಿನಿಂದ. ಹೋಗಿ ಅವಳ ಕೈನೂ ಒಂದ್ಸಲ ಕುಲುಕಿ ಬಾ."

ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ಕೆಳಗೆ ಹೋಗಲೂ ಇಲ್ಲ, ನನಗೆ ಬೈಯಲೂ ಇಲ್ಲ. ಆ ವಾರವೆಲ್ಲ ಅವಳು ಸಾರಿಗೆ ಉಪ್ಪು ಕಮ್ಮಿ ಎಂದು ಹೇಳುವುದನ್ನೂ ಮರೆತಳು.

ಮುಂದಿನ ಶನಿವಾರ ರೋಸ್ವಿತಾ ಯಾರನ್ನೂ ಕೇಳಲಿಲ್ಲ. ಏಪ್ರನ್ ಬಿಚ್ಚಿ, ಮದುವೆಯಲ್ಲಿ ಉಟ್ಟ ಹಸಿರು ಉಡುಪು ತೊಟ್ಟು ಬಂದು, ಗಂಡನ ಕೈಯಿಂದ ತಟ್ಟೆ ಕಿತ್ತುಕೊಂಡಳು.

"ಹೋಗು."

ಕಾಸ್ಪರ್ ಅಮ್ಮನ ಕಡೆ ನೋಡಿದ. ನಲವತ್ತೈದು ವರ್ಷದ ಗಂಡಸು, ಇನ್ನೂ ಅಮ್ಮನ ಕಡೆ ನೋಡುತ್ತಾನೆ! ಅಮ್ಮ ತಿರುಗಿ ತನ್ನ ಕೋಣೆಗೆ ಹೋದಳು. ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಬಟ್ಟೆ ಬೀರು ಸರಿಸಿದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಆಳುದ್ದದ ಒಂದು ಕೋಲು ಹಿಡಿದು ಹೊರಬಂದಳು. ಹಿಡಿದು ಹಿಡಿದು ನುಣುಪಾಗಿದ್ದ ಹೇಜಲ್ ಮರದ ಕೋಲು. ನನಗೆ ಕಂಡ ಕೂಡಲೇ ಗುರುತು ಸಿಕ್ಕಿತು. ಅದರ ಒಂದು ತುದಿ ಅಪ್ಪ ಹಿಡಿಯುತ್ತಿದ್ದ, ಇನ್ನೊಂದು ತುದಿ ನಾವು. ಅಪ್ಪ ಹಿಂದುಹಿಂದಕ್ಕೆ ಜಾರುತ್ತಾ ನಮ್ಮನ್ನು ಇಳಿಸುತ್ತಿದ್ದ. ಅವನು ಸತ್ತ ಮೇಲೆ ಅದು ಒಲೆಗೆ ಹೋಯಿತೆಂದೇ ನಾನು ತಿಳಿದಿದ್ದೆ.

"ತಗೋ" ಎಂದಳು ಅಮ್ಮ ಕಾಸ್ಪರನಿಗೆ. "ಎತ್ತರಕ್ಕೆ ಕರ್ಕೊಂಡು ಹೋಗ್ಬೇಡ. ಮೊದಲು ಮನೆ ಹಿಂದೆ. ನಿಮ್ಮಪ್ಪ ಅಲ್ಲೇ ಶುರು ಮಾಡ್ತಿದ್ದಿದ್ದು."

ಹೊರಟು ನಿಂತಿದ್ದ ಅತಿಥಿಯೊಬ್ಬರು ಬಾಗಿಲಲ್ಲಿ, "ಕಾಸ್ಪರ್ ಎಲ್ಲಿ? ಕೈ ಕುಲುಕದೆ ಹೋಗೋದಾ?" ಎಂದರು.

"ಕೆಲಸದ ಮೇಲೆ ಹೋಗಿದ್ದಾನೆ" ಎಂದಳು ಅಮ್ಮ ಗಂಟುಮುಖದಲ್ಲಿ, ಮತ್ತು ತನ್ನ ಕೈ ಚಾಚಿದಳು. ಪಕ್ಕದಲ್ಲಿ ರೋಸ್ವಿತಾ ಸಾರಾಯಿ ಸುರಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಬಾಗಿಲಲ್ಲಿ ಜಗಳವಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೇಲಿನ ಕೋಣೆಗಳ ಹಾಸಿಗೆ ಬಟ್ಟೆ ಬದಲಿಸುತ್ತಾ ನಾನು ಪ್ರತಿ ಕಿಟಕಿಯಲ್ಲೂ ಒಂದು ಚಣ ನಿಲ್ಲುತ್ತಿದ್ದೆ. ಮನೆಯ ಹಿಂದೆ ಕಾಸ್ಪರ್ ಬೆನ್ನು ಹಾಕಿ ಜಾರುತ್ತಿದ್ದ. ಕೋಲಿನ ಇನ್ನೊಂದು ತುದಿಯಲ್ಲಿ ವ್ರೋನಿ.

"ಸ್ಕೀ ಮೂತಿ ಕೂಡ್ಸು! ಹಿಮ್ಮಡಿ ಅಗಲ್ಸು! ಹಾಂ, ನನ್ನ ಮುಖ ನೋಡು, ಕಾಲು ನೋಡ್ಬೇಡ!"

ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಒಂದು ಸಲ ಅವಳ ಜೊತೆ ಕೋಲು ಹಿಡಿದ ಮೇಷ್ಟ್ರೂ ಬಿದ್ದರು. ಆಗ ಇಬ್ಬರೂ ಹಿಮದಲ್ಲೇ ಬಿದ್ದುಕೊಂಡು ನಕ್ಕರು. ಅವರಿಬ್ಬರೂ ಒಟ್ಟಿಗೆ ನಗುವುದನ್ನು ನಾನು ಕೇಳಿ ಬಹಳ ಕಾಲವಾಗಿತ್ತು.

ಆ ಸಂಜೆ ಅವಳು ಅಡುಗೆಮನೆಗೆ ಬಂದು ಬೆಂಚಿನ ಮೇಲೆ ಕುಳಿತವಳೇ ಗಿಣ್ಣಿನ ಕಡುಬು ಎರಡು ಸಲ ಹಾಕಿಸಿಕೊಂಡಳು. ರೂಪರ್ಟ್ ಸಿಂಕಿನಿಂದಲೇ, "ಆಕಳು ಇವತ್ತು ಎಷ್ಟು ದೂರ ಮೇಯ್ತು?" ಎಂದ.

"ಬೇಲಿ ತನಕ" ಎಂದಳು ವ್ರೋನಿ. "ನಾಳೆ ನಿನ್ನ ತಲೆ ಮೇಲೆ ಮೇಯ್ತೀನಿ."

ಅದರ ಮುಂದಿನ ಶನಿವಾರ ಅವರು ಬೇಲಿ ದಾಟಿ ಮಕ್ಕಳ ಇಳಿಜಾರಿಗೆ ಹೋದರು, ಖಾಲಿ ಲಿಫ್ಟಿನಲ್ಲಿ ಇಬ್ಬರೇ. ಅವತ್ತೂ ಯಾರೋ ಯಜಮಾನರೆಲ್ಲಿ ಎಂದು ಕೇಳಿದರು. "ಮಗಳ ಜೊತೆ ಹೋಗಿದ್ದಾನೆ" ಎಂದಳು ಅಮ್ಮ. ಈ ಸಲ ಮುಖ ಗಂಟು ಹಾಕಿರಲಿಲ್ಲ.

ಕಾರ್ನಿವಲ್ ವಾರ ಬಂತು. ಜರ್ಮನಿಯ ಕಾಸೆಲ್‌ನ ಬ್ರಾಂಡಿಸ್ ದಂಪತಿ ಎಂದಿನಂತೆ ಬಂದು ನಾಲ್ಕನೇ ಕೋಣೆಯಲ್ಲಿ ಇಳಿದರು. ಹದಿನೆಂಟು ಚಳಿಗಾಲದಿಂದ ಬರುತ್ತಿರುವವರು, ಕಿಟಕಿಯ ಪಕ್ಕದ ಮೇಜು ಅವರದ್ದೇ. ಪಂಜಿನ ಇಳಿತದ ದಿನ ಬೆಳಿಗ್ಗೆ ವ್ರೋನಿ ಅಪ್ಪನ ಕಾಫಿ ಬಟ್ಟಲಿನ ಪಕ್ಕ ನಿಂತಳು.

"ಅಪ್ಪಾ, ನಾನೂ ಬರ್ಲಾ?"

"ಮಕ್ಕಳ ಸಾಲು ಜೋರಾಗಿ ಇಳಿಯತ್ತೆ ಮರೀ."

"ಮುಂದೆ ಅಲ್ಲ. ಎಲ್ಲಾರೂ ಇಳಿದ ಮೇಲೆ. ಕೊನೇಲಿ."

"ನಿಧಾನ ಆಗತ್ತೆ. ಊರೆಲ್ಲ ನೋಡ್ತಾ ನಿಂತಿರತ್ತೆ."

"ನಿಂಗೆ ಅವಮಾನ ಆಗತ್ತಾ?"

ಕಾಸ್ಪರ್ ಕಾಫಿ ಕೆಳಗಿಟ್ಟ. "ಇಲ್ಲ ಮಗಳೇ. ನಿನ್ನಾಣೆಗೂ ಇಲ್ಲ." ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ಮೂಗು ಒರೆಸಿಕೊಂಡ. ಹಿರಿಯ ಮೇಷ್ಟ್ರು ಮೇಷ್ಟ್ರುಗಳ ಸಾಲಿನ ಮುಂದಿರುವುದು ರೂಢಿ. ಅವನು ತನ್ನ ಜಾಗವನ್ನು ಇನ್ನೊಬ್ಬ ಮೇಷ್ಟ್ರಿಗೆ ಬಿಟ್ಟುಕೊಟ್ಟ.

ಸಂಜೆ ಕತ್ತಲಾಗುತ್ತಲೇ ಅತಿಥಿಗಳೆಲ್ಲ ಕಂಬಳಿ ಹೊದ್ದು ಅಂಗಳದಲ್ಲಿ ನಿಂತರು. ಮೇಲೆ ಮೊದಲು ಮಕ್ಕಳ ಪಂಜುಗಳು ಕಾಣಿಸಿದವು, ಹಿಂದೆ ಮೇಷ್ಟ್ರುಗಳ ದೊಡ್ಡ ಪಂಜುಗಳು. ಸಾಲು ಎಡಕ್ಕೆ ಬಾಗಿತು, ಬಲಕ್ಕೆ ಬಾಗಿತು, ಚಪ್ಪಾಳೆ ಬಿತ್ತು, ಮುಗಿಯಿತು. ಕೆಳಗೆ ಬ್ಯಾಂಡು ಶುರುವಾಯಿತು. ಚಳಿಗೆ ಕೈ ಉಜ್ಜಿಕೊಳ್ಳುತ್ತಾ ಅತಿಥಿಗಳು ಒಳಗೆ ಬಂದು ತಮ್ಮ ತಮ್ಮ ಮೇಜುಗಳಲ್ಲಿ ಕುಳಿತರು. ಏಳಕ್ಕೆ ಸಾರು, ಅದು ಅವರಿಗೆ ಗೊತ್ತು.

ಗಡಿಯಾರ ಏಳು ಹೊಡೆಯಿತು. ದೋಸೆಯನ್ನು ಎಳೆ ಎಳೆಯಾಗಿ ಕತ್ತರಿಸಿ ಹಾಕಿದ ಸಾರು ಹಬೆಯಾಡುತ್ತಿತ್ತು. ಅಮ್ಮ ಸೌಟು ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ರೋಸ್ವಿತಾ ಬಟ್ಟಲುಗಳನ್ನು ಜೋಡಿಸಿ, "ಅತ್ತೇ, ಹೊತ್ತಾಯ್ತು" ಎಂದಳು.

"ತಡಿ."

ನಾನೂ ಕಿಟಕಿಗೆ ಹೋದೆ. ಇಳಿಜಾರಿನ ತುದಿಯಲ್ಲಿ ಎರಡು ಬೆಳಕು ಹೊರಟಿದ್ದವು. ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ. ಬಹಳ ನಿಧಾನ. ಇಷ್ಟು ದೂರ ಬಂದು ನಿಂತವು, ಮತ್ತೆ ಹೊರಟವು. ಅರ್ಧ ದಾರಿಯಲ್ಲಿ ತಗ್ಗಿನ ಬೆಳಕು ಒಮ್ಮೆಲೇ ಆರಿತು. ರೋಸ್ವಿತಾ ನನ್ನ ತೋಳು ಹಿಡಿದುಕೊಂಡಳು. ಅಮ್ಮನ ತುಟಿ ಅಲುಗುತ್ತಿತ್ತು, ಪ್ರಾರ್ಥನೆಯೋ ಬೈಗುಳವೋ ಗೊತ್ತಿಲ್ಲ. ಎತ್ತರದ ಬೆಳಕು ಕೆಳಗೆ ಬಾಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಎರಡಾಯಿತು.

ಊಟದ ಕೋಣೆಯಿಂದ ಶ್ರೀಮತಿ ಬ್ರಾಂಡಿಸ್ ತಲೆ ಹಾಕಿದರು. "ಬುರ್ಗಾ ಅಮ್ಮಾ, ಸಾರಿನ ಘಮ ಬಂತು, ಸಾರು ಬರ್ಲಿಲ್ಲ?"

ಅಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ನಮ್ಮ ಮಗು ಇನ್ನೂ ಇಳೀತಿದೆ. ಅದು ಬರ್ಲಿ, ಆಮೇಲೆ ಸಾರು."

ನಾನು ರೋಸ್ವಿತಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಶ್ರೀಮತಿ ಬ್ರಾಂಡಿಸ್ ತಟ್ಟನೆ ಒಳಗೆ ಹೋದರು. ಕೋಪ ಬಂತೇನೋ ಎಂದುಕೊಂಡೆ. ಆದರೆ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅತಿಥಿಗಳೆಲ್ಲ ಕಿಟಕಿಗಳ ಮುಂದೆ ನಿಂತಿದ್ದರು.

ಸಾರನ್ನು ಎರಡು ಸಲ ಬಿಸಿ ಮಾಡಿದ ಮೇಲೆ ಹಿತ್ತಲ ಬಾಗಿಲು ತೆರೆಯಿತು. ವ್ರೋನಿಯ ಮೂಗು ಕೆಂಪಗಿತ್ತು, ಬೆನ್ನ ತುಂಬ ಹಿಮ, ಮುಂಗೂದಲಿನಲ್ಲಿ ಹೊಗೆಯ ವಾಸನೆ. "ಒಂದೇ ಸಲ ಬಿದ್ದೆ ಅಜ್ಜಿ! ಒಂದೇ ಸಲ!"

ಅಮ್ಮ ಬೂಟು ಬಿಚ್ಚಿಸಿ, ಅವಳ ರಟ್ಟೆ ಹಿಡಿದು ಊಟದ ಕೋಣೆಗೆ ಕರೆದೊಯ್ದು, ಬ್ರಾಂಡಿಸ್ ದಂಪತಿಯ ಮೇಜಿನಲ್ಲೇ ಕೂರಿಸಿ, ಮೊದಲ ಬಟ್ಟಲು ಅವಳ ಮುಂದಿಟ್ಟಳು.

"ಅಜ್ಜೀ, ಅತಿಥಿಗಳಿಗೆ ಮೊದಲು..."

"ಬಾಯಿ ಮುಚ್ಕೊಂಡು ತಿನ್ನು" ಎಂದಳು ಅಮ್ಮ. ಅವಳ ಕಣ್ಣಲ್ಲಿ ನೀರಿತ್ತು, ಸಾರಿನ ಹಬೆ ಎಂದು ಆಮೇಲೆ ವಾದಿಸಿದಳು.

ಎಲ್ಲರಿಗೂ ಬಡಿಸಿ ನಾನು ಎಂದಿನಂತೆ ನೆಲ ಒರೆಸುವ ಬಟ್ಟೆ ಹಿಡಿದು ಸ್ಕೀ ಕೋಣೆಗೆ ಇಳಿದೆ. ಎಲ್ಲರ ಸ್ಕೀಗಳೂ ಒರೆಸಿ ಗೂಡಿನಲ್ಲಿ ನಿಂತಿದ್ದವು. ವ್ರೋನಿಯವು ತೊಟ್ಟಿಕ್ಕುತ್ತಿದ್ದವು, ಕೆಳಗೆ ಕೆರೆ. ಅಂಚಿನ ಮೇಲೆ ಬೆರಳಾಡಿಸಿದೆ, ತುಕ್ಕಿರಲಿಲ್ಲ. ಬಟ್ಟೆಯನ್ನು ಮೊಳೆಗೆ ನೇತುಹಾಕಿ, ನೀರನ್ನು ಹಾಗೆಯೇ ಬಿಟ್ಟು, ನಾನೂ ಊಟಕ್ಕೆ ಹೋದೆ.